ಪಹಣಿಯಲ್ಲಿ ಹೆಸರಿಲ್ಲದವರು: ನಮ್ಮ ಸೀಮೆಯ ಕೊರಗರು, ಮಲೆಕುಡಿಯರು ಮತ್ತು ಗ್ರಾಮಸಭೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ನಾವೆಲ್ಲ ಇದ್ದೇವೆ. ಹೆಚ್ಚುಕಡಿಮೆ ಇದೇ ಕಾಲಕ್ಕೆ ನಮ್ಮ ಊರಿನ ಇನ್ನೊಂದು ದೊಡ್ಡ ಬದಲಾವಣೆಗೂ ಐವತ್ತು ವರ್ಷ ಆಗಿದೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಆ ದಿನದಿಂದ ಸರಕಾರಕ್ಕೆ ಸೇರಿತು. ಸಾಗುವಳಿ ಮಾಡುತ್ತಿದ್ದ ಒಕ್ಕಲು ಅರ್ಜಿ ಹಾಕಿ ಅದರ ಹಕ್ಕು ಪಡೆಯಬಹುದಾಯಿತು. ನಮ್ಮ ಹಿರಿಯರು ಅದನ್ನು ಇವತ್ತಿಗೂ ‘ಡಿಕ್ಲರೇಷನ್’ ಎಂದೇ ಕರೆಯುತ್ತಾರೆ. ‘ನಮ್ಮ ಜಾಗ ಡಿಕ್ಲರೇಷನ್‌ನಲ್ಲಿ ಆದದ್ದು’ ಎಂಬ ಮಾತನ್ನು ಶಿರ್ತಾಡಿ, ವಾಲ್ಪಾಡಿ, ನಾರಾವಿ ಕಡೆ ಕೇಳದವರು ಕಡಿಮೆ.

ಅದಕ್ಕೂ ಮೊದಲು ಚಾಲಗೇಣಿಯ ಒಕ್ಕಲಿಗೆ ವರ್ಷದಿಂದ ವರ್ಷಕ್ಕೆ ಭಯ. ಮಳೆ ಕೈಕೊಟ್ಟರೂ ಧಣಿಯ ಮನೆಗೆ ಮುಡಿ ಅಕ್ಕಿ ಲೆಕ್ಕಕ್ಕೆ ಸರಿಯಾಗಿ ಹೋಗಬೇಕು. ಹೋಗದಿದ್ದರೆ ಮುಂದಿನ ವರ್ಷ ಜಾಗ ಬಿಡಬೇಕು. ಭೂಮಿ ಕೈಗೆ ಬಂದ ಮೇಲೆ ಎಷ್ಟೋ ಮನೆಗಳು ಮಕ್ಕಳನ್ನು ದನ ಮೇಯಿಸಲು ಕಳಿಸುವ ಬದಲು ಹೈಸ್ಕೂಲಿಗೆ ಕಳಿಸಿದವು. ಈ ಸಂಪುಟದಲ್ಲಿ ಬರೆದಿರುವ, ಇದನ್ನು ಓದುತ್ತಿರುವ ಅನೇಕರ ವಿದ್ಯಾಭ್ಯಾಸದ ಹಿಂದೆ ಆ ಒಂದು ಅರ್ಜಿ ಇದೆ.

ಆದರೆ ಅದೇ ಗ್ರಾಮಗಳಲ್ಲಿ, ಅದೇ ವರ್ಷಗಳಲ್ಲಿ, ಡಿಕ್ಲರೇಷನ್ ಕೊಡಲು ಸಾಧ್ಯವೇ ಇಲ್ಲದ ಮನೆಗಳೂ ಇದ್ದವು. ಗುಡ್ಡದ ಬದಿಯ ಕೊಪ್ಪಗಳಲ್ಲಿದ್ದ ಕೊರಗರು ಮತ್ತು ಘಟ್ಟದ ಬುಡದ ಕಾಡುಗಳಲ್ಲಿದ್ದ ಮಲೆಕುಡಿಯರು ಅವರಲ್ಲಿ ಮುಖ್ಯರು. ಈ ಮಣ್ಣಿನ ಅತಿ ಹಳೆಯ ನಿವಾಸಿಗಳೆಂದು ಎಲ್ಲರೂ ಒಪ್ಪುವ ಈ ಜನರು ಭೂಮಿಯ ಲೆಕ್ಕದಿಂದ ಹೇಗೆ ಹೊರಗುಳಿದರು, ಆ ಲೆಕ್ಕ ಸರಿಪಡಿಸಲು ಇವತ್ತು ದಾರಿ ಯಾವುದಿದೆ ಎಂಬುದೇ ಈ ಬರಹದ ವಿಷಯ. ನಾನು ಕಲಿತದ್ದು ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಊರಿನ ಚರಿತ್ರೆ ಊರಿನವರೆಲ್ಲರ ಕೆಲಸವೆಂದು ನಂಬಿ ಬರೆಯುತ್ತಿದ್ದೇನೆ.

ವರ್ಗ, ಕುಮ್ಕಿ ಮತ್ತು ಕೊಪ್ಪ

ನಮ್ಮ ಸೀಮೆ ಒಂದು ಕಾಲಕ್ಕೆ ಚೌಟ ಅರಸರ ಆಳ್ವಿಕೆಯಲ್ಲಿತ್ತು. ಗ್ರಾಮದ ಮಟ್ಟದಲ್ಲಿ ಗುತ್ತು, ಬರ್ಕೆಯ ಮನೆಗಳು. ಅವುಗಳ ಚಾವಡಿಯಲ್ಲಿ ಊರಿನ ನ್ಯಾಯ ತೀರ್ಮಾನ. ಆಮೇಲೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿ, ಪಟೇಲ, ಶ್ಯಾನುಭೋಗ, ಉಗ್ರಾಣಿಗಳ ಆಡಳಿತ ಬಂತು. ಸರಕಾರಕ್ಕೆ ತೀರ್ವೆ ಕಟ್ಟುವ ಹಿಡುವಳಿಗೆ ‘ವರ್ಗ’ ಎಂದು ಹೆಸರು. ವರ್ಗ ಯಾರ ಹೆಸರಲ್ಲಿದೆಯೋ ಅವರು ವರ್ಗದಾರರು. ಅವರ ಕೆಳಗೆ ಮೂಲಗೇಣಿಯವರು, ಚಾಲಗೇಣಿಯವರು. ಅವರೆಲ್ಲರ ಕೆಳಗೆ, ಯಾವ ಪುಸ್ತಕದಲ್ಲೂ ಹೆಸರಿಲ್ಲದ ಕೆಲಸದಾಳುಗಳು.

ಇಲ್ಲಿ ಕುಮ್ಕಿಯ ಮಾತು ಬರುತ್ತದೆ. ಹಳೆಯ ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯಲು, ತರಗೆಲೆ ತರಲು, ದನ ಮೇಯಿಸಲು ವರ್ಗದಾರನಿಗೆ ವಿಶೇಷ ಸವಲತ್ತು ಇತ್ತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಕಲಮು ಅದನ್ನು ಮುಂದುವರಿಸಿತು. ಗದ್ದೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ಆದ್ದರಿಂದ ಬೇಸಾಯದ ದೃಷ್ಟಿಯಲ್ಲಿ ಕುಮ್ಕಿ ಅರ್ಥವಿಲ್ಲದ ಏರ್ಪಾಡಾಗಿರಲಿಲ್ಲ. ಆದರೆ ಅದರ ಲೆಕ್ಕ ನೋಡಿ: ಜಾಗ ಇದ್ದವನಿಗೆ ಸುತ್ತಲಿನ ಗುಡ್ಡದ ಸವಲತ್ತೂ ಸಿಕ್ಕಿತು, ಜಾಗ ಇಲ್ಲದವನಿಗೆ ಗುಡ್ಡವೂ ಇಲ್ಲವಾಯಿತು. ಕೊರಗರ ಕೊಪ್ಪಗಳು ಎಷ್ಟೋ ಕಡೆ ಇದ್ದದ್ದು ಈ ಕುಮ್ಕಿಯಲ್ಲಿ ಅಥವಾ ಪರಂಬೋಕಿನಲ್ಲಿ. ಕಾನೂನಿನ ಪ್ರಕಾರ ಅದು ಸರಕಾರದ್ದು, ರೂಢಿಯ ಪ್ರಕಾರ ಧಣಿಯದ್ದು. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಅಲ್ಲೇ ಸತ್ತವರದ್ದೆಂದು ಹೇಳುವ ಕಾಗದ ಮಾತ್ರ ಎಲ್ಲೂ ಇರಲಿಲ್ಲ.

ಹೀಗಾಗಿ 1974ರಲ್ಲಿ ಭೂನ್ಯಾಯಮಂಡಳಿ ಕೇಳಿದ ಪ್ರಶ್ನೆಗೆ ಅವರ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆ, ‘ಯಾರ ಭೂಮಿಯನ್ನು, ಎಷ್ಟು ಗೇಣಿಗೆ ಸಾಗುವಳಿ ಮಾಡುತ್ತಿದ್ದೀರಿ?’ ಎಂಬುದು. ಕೊರಗರು ಗೇಣಿದಾರರಾಗಿರಲಿಲ್ಲ. ಕುಡ್ಪು, ತಡ್ಪೆ ಹೆಣೆಯುವವರು, ಡೋಲು ಬಾರಿಸುವವರು, ಕರೆದಲ್ಲಿಗೆ ಹೋಗಿ ದುಡಿಯುವವರು. ಅರ್ಜಿ ಹಾಕಲು ಕೊನೆಯ ದಿನವನ್ನು 1979ರ ಜೂನ್ 30ರ ತನಕ ಮುಂದೂಡಿದರೂ ಅದರಿಂದ ಅವರಿಗೆ ಪ್ರಯೋಜನವಾಗುವಂತಿರಲಿಲ್ಲ. ಕೃಷಿ ಕಾರ್ಮಿಕನಿಗೆ ಅವನ ವಾಸದ ಮನೆಯ ಅಡಿ ಜಾಗ ಕೊಡುವ 38ನೇ ಕಲಮು ಅದೇ ಕಾಯ್ದೆಯಲ್ಲಿತ್ತು. ಆದರೆ ಧಣಿಯ ಅಂಗಳದ ಆಚೆ ನಿಂತು ಮಾತಾಡಬೇಕಾದವರು ಧಣಿಯ ವಿರುದ್ಧ ಅರ್ಜಿ ಹಾಕುವುದೆಂದರೆ ಸುಲಭದ ಮಾತಲ್ಲ. ಈ ಕಾಯ್ದೆ ಊರಿಗೆ ಮಾಡಿದ ಉಪಕಾರ ದೊಡ್ಡದು. ಅದರ ಕಣ್ಣಿಗೆ ಬಿದ್ದದ್ದು ಗೇಣಿಯ ಸಂಬಂಧ ಮಾತ್ರ. ಗೇಣಿ ಕೊಡುವಷ್ಟೂ ಸ್ಥಾನ ಇಲ್ಲದವರು ಅದಕ್ಕೆ ಕಾಣಲಿಲ್ಲ.

ಜಾಗ ಇಲ್ಲದಿರುವುದೆಂದರೆ ಬರೇ ಬಡತನ ಎಂದು ತಿಳಿಯಬಾರದು. ಕಾಲ ಕೆಳಗಿನ ನೆಲ ಇನ್ನೊಬ್ಬನದ್ದಾದರೆ ಅವನ ಮಾತಿಗೆ ‘ಆಗುವುದಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಅಜಲು ಪದ್ಧತಿ ಅಷ್ಟು ಕಾಲ ಉಳಿದದ್ದು ಇದೇ ಕಾರಣದಿಂದ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು, ಇಂಥವೆಲ್ಲ ಅಪರಾಧವೆಂದು ಸಾರಲು 2000ನೇ ಇಸವಿಯ ಅಜಲು ನಿಷೇಧ ಕಾಯ್ದೆಯೇ ಬರಬೇಕಾಯಿತು. ಕೊರಗರ ಅರಸ ಹುಬಾಶಿಕನು ಹಿಂದೆ ಈ ನಾಡನ್ನು ಆಳಿದ್ದನೆಂಬ ಐತಿಹ್ಯ ತುಳುನಾಡಿನಲ್ಲಿದೆ. ಕೊರಗಜ್ಜನ ಕಟ್ಟೆಗೆ ಊರೂರಲ್ಲಿ ಭಕ್ತಿಯಿಂದ ಜಾಗ ಬಿಟ್ಟುಕೊಟ್ಟವರು ನಾವು. ಆ ಅಜ್ಜನ ಕುಲದವರ ಮನೆಗೆ ಪಹಣಿ ಉಂಟೋ ಎಂದು ಕೇಳಿದವರು ಕಡಿಮೆ.

ಕಾಡಿನ ಗೆರೆಗಳು

ನಾರಾವಿ ದಾಟಿ ಕುತ್ಲೂರು ಕಡೆಗೆ ಹೋದರೆ ಕುದುರೆಮುಖದ ಸಾಲು ಎದುರಿಗೆ ನಿಲ್ಲುತ್ತದೆ. ಅಲ್ಲಿಂದ ಸವಣಾಲು, ಮಲವಂತಿಗೆಯ ತನಕ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ಮಲೆಕುಡಿಯರ ಮನೆಗಳಿವೆ. ಜೇನು, ಏಲಕ್ಕಿ, ಕಾಡಿನ ಇತರ ಉತ್ಪತ್ತಿ, ಸ್ವಲ್ಪ ಗದ್ದೆ, ಅಡಿಕೆ: ಇದು ಅವರ ಜೀವನ. ಅವರಲ್ಲಿ ಗುರಿಕಾರನೆಂಬ ಹಿರಿಯನಿದ್ದು, ಕೂಟ ಸೇರಿ ಜಗಳ, ಮದುವೆ, ತಪ್ಪು ಕಾಣಿಕೆಗಳ ತೀರ್ಮಾನ ಮಾಡುವ ಕ್ರಮ ಇತ್ತು. ಸ್ವಂತ ಆಡಳಿತ ಎಂಬುದು ಅವರಿಗೆ ಹೊಸ ಪಾಠವೇನಲ್ಲ.

ಅವರ ನೆಲದ ಮೇಲೆ ಗೆರೆಗಳನ್ನು ಎಳೆದವರು ಹೊರಗಿನವರು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಬ್ರಿಟಿಷ್ ಸರಕಾರ 1860ರಲ್ಲಿ ಬಿಗಿಯಾಗಿ ತಡೆಯಿತು. 1882ರ ಮದ್ರಾಸ್ ಅರಣ್ಯ ಕಾಯ್ದೆಯ ಮೂಲಕ ಮೀಸಲು ಅರಣ್ಯಗಳು ಬಂದವು. ಸ್ವಾತಂತ್ರ್ಯ ಬಂದ ಮೇಲೂ ಗೆರೆ ಅಳಿಸಲಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಬಿತ್ತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಹಬ್ಬಿದ ಸುಮಾರು 600 ಚದರ ಕಿಲೋಮೀಟರ್ ಕಾಡು ಅದರೊಳಗೆ ಬಂತು. ಅಜ್ಜನ ಕಾಲದ ಮನೆಯಲ್ಲಿ ಮಲಗಿದ್ದವರು ಬೆಳಗಾಗುವಾಗ ರಾಷ್ಟ್ರೀಯ ಉದ್ಯಾನದ ಒಳಗಿದ್ದರು. ರಸ್ತೆಗೆ ಮಣ್ಣು ಹಾಕಲು, ತೋಡಿಗೆ ಕಾಲುಸಂಕ ಕಟ್ಟಲು, ಕರೆಂಟಿನ ತಂತಿ ಎಳೆಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಯಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ; ನಮ್ಮ ಬಯಲಿನ ನೀರಿನ ಮೂಲವೇ ಆ ಘಟ್ಟ. ಆದರೆ ಕಾಡು ಇಷ್ಟು ಕಾಲ ಉಳಿದದ್ದು ಅದರಲ್ಲಿ ಜನರು ಇದ್ದೂ ಎಂಬುದನ್ನು ಗೆರೆ ಎಳೆದವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾತು ಕೊಟ್ಟದ್ದು, ಕೈಗೆ ಬಂದದ್ದು

ಭೂಮಿ ಕೊಡಬೇಕೆಂದು ಯಾರೂ ಯೋಚಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಶಿಕ್ಷಣದ ಜೊತೆಗೆ ವಸತಿಯ ನೆಲೆಯೂ ಬೇಕೆಂದು ದುಡಿದರು. ಬ್ರಿಟಿಷರ ಕಾಲದಲ್ಲಿ ದಲಿತ ವರ್ಗಗಳಿಗೆಂದು ಕಾದಿರಿಸಿದ ಜಾಗಗಳೇ ನಾವು ಇಂದು ‘ಡಿಸಿ ಮನ್ನಾ’ ಎಂದು ಕರೆಯುವ ಜಾಗಗಳು. ಹೀಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದೆಂದು 1978ರಲ್ಲಿ ರಾಜ್ಯ ಸರಕಾರ ಪಿಟಿಸಿಎಲ್ ಕಾಯ್ದೆ ತಂದಿತು. ಷರತ್ತು ಮುರಿದು ಮಾರಾಟವಾದ ಪರಿಶಿಷ್ಟ ಜಾತಿ, ಪಂಗಡದವರ ಜಾಗವನ್ನು ಹಿಂದಕ್ಕೆ ಕೊಡಿಸುವ ಕಾನೂನು ಅದು. ಅರ್ಜಿಯನ್ನು ಸೂಕ್ತ ಕಾಲದೊಳಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೆ ಎಷ್ಟೋ ಪ್ರಕರಣಗಳು ಬಿದ್ದುಹೋದವು. 2023ರಲ್ಲಿ ರಾಜ್ಯ ಸರಕಾರ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲವೆಂದು ಸ್ಪಷ್ಟಪಡಿಸಿತು.

ಕೊರಗರ ಕುರಿತ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಕೊರಗರೂ ಕೈಕಟ್ಟಿ ಕುಳಿತಿರಲಿಲ್ಲ. 1993ರಲ್ಲಿ ಸಂಘಟಿತರಾಗಿ ಮಂಗಳೂರಿನಲ್ಲಿ ಹಕ್ಕಿಗಾಗಿ ಮೆರವಣಿಗೆ ನಡೆಸಿದರು. ಅದರ ನೆನಪಿಗೆ ಪ್ರತಿ ವರ್ಷ ಆಗಸ್ಟ್ 18ರಂದು ‘ಭೂಮಿ ಹಬ್ಬ’ ಆಚರಿಸುತ್ತಾರೆ. ಹಬ್ಬಗಳಿಗೆ ಬರವಿಲ್ಲದ ತುಳುನಾಡಿನಲ್ಲಿ ಭೂಮಿಯ ಹಕ್ಕನ್ನೇ ಹಬ್ಬ ಮಾಡಿಕೊಂಡ ಸಮುದಾಯ ಅದೊಂದೇ ಇರಬೇಕು. ಕೆಲವು ಕುಟುಂಬಗಳಿಗೆ ಭೂಮಿ ಸಿಕ್ಕಿದೆ, ಕೆಲವರು ಚೆನ್ನಾಗಿ ತೋಟ ಮಾಡಿದ್ದಾರೆ. ಆದರೆ ಎಲ್ಲರಿಗೂ ಎರಡೂವರೆ ಎಕರೆ ಎಂಬುದು ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 15 ಸಾವಿರಕ್ಕಿಂತ ಕಡಿಮೆ. ಅದು 2001ಕ್ಕಿಂತ ಇಳಿದಿತ್ತು. ಜೇನುಕುರುಬರಂತೆ ಅವರನ್ನೂ ವಿಶೇಷ ದುರ್ಬಲ ಬುಡಕಟ್ಟು ಎಂದು ಕೇಂದ್ರ ಸರಕಾರ ಗುರುತಿಸಿದೆ. 2023ರ ನವೆಂಬರ್ 15ರಂದು ಶುರುವಾದ ಪಿಎಂ ಜನಮನ್ ಯೋಜನೆ ಅಂಥ 75 ಸಮುದಾಯಗಳಿಗೆ ಮನೆ, ರಸ್ತೆ, ನೀರು ಕೊಡುವಂಥದ್ದು. ಆದರೆ ಮನೆ ಕಟ್ಟುವುದಕ್ಕೂ ಮೊದಲು ಅಡಿ ಜಾಗ ಬೇಕಲ್ಲ.

ಗ್ರಾಮಸಭೆಯ ಕೈಗೆ ಬಂದ ಅಧಿಕಾರ

ಇಷ್ಟು ಕಾನೂನುಗಳ ನಡುವೆ ಒಂದು ಕಾಯ್ದೆ ಬೇರೆ ರೀತಿಯದ್ದು. ಅದು 2006ರ ಅರಣ್ಯ ಹಕ್ಕು ಕಾಯ್ದೆ. ಮೊದಲಿನ ಕಾನೂನುಗಳಲ್ಲಿ ಯಾರು ಎಲ್ಲಿ ಬದುಕಿದ್ದಾರೆ ಎಂಬುದನ್ನು ಹೇಳುವವರು ಶ್ಯಾನುಭೋಗರ ಪುಸ್ತಕ, ತಹಶೀಲ್ದಾರರ ವರದಿ ಅಥವಾ ಅರಣ್ಯಾಧಿಕಾರಿ. ಈ ಕಾಯ್ದೆಯಲ್ಲಿ ಮೊದಲ ಮಾತು ಗ್ರಾಮಸಭೆಯದ್ದು. ಅದು 10ರಿಂದ 15 ಮಂದಿಯ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಅರ್ಜಿ ಆ ಸಮಿತಿಗೆ ಬರುತ್ತದೆ. ಸಮಿತಿ ಸ್ಥಳಕ್ಕೆ ಹೋಗಿ ನೋಡುತ್ತದೆ, ನಕ್ಷೆ ಮಾಡುತ್ತದೆ. ಗ್ರಾಮಸಭೆ ನಿರ್ಣಯ ಮಾಡುತ್ತದೆ. ಆಮೇಲೆ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅಲ್ಲಿದ್ದ ಪರಿಶಿಷ್ಟ ಪಂಗಡದ ಕುಟುಂಬಕ್ಕೆ, ಸ್ವಾಧೀನದಲ್ಲಿರುವಷ್ಟು, ಗರಿಷ್ಠ 4 ಹೆಕ್ಟೇರ್ ತನಕ ಹಕ್ಕು. ಪಂಗಡದವರಲ್ಲದ ಅರಣ್ಯವಾಸಿಗಳು 75 ವರ್ಷಗಳ ವಾಸ ತೋರಿಸಬೇಕು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಅರ್ಜಿಯ ವಿಚಾರಣೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

ಸಾಕ್ಷಿಯ ವಿಷಯದಲ್ಲಿ ಇದು ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಸರಕಾರಿ ಕಾಗದ, ಮತದಾರರ ಪಟ್ಟಿ, ರೇಷನ್ ಕಾರ್ಡ್ ಮಾತ್ರವಲ್ಲ. ಮನೆಯ ಪಂಚಾಂಗ, ಗದ್ದೆಯ ಕಟ್ಟಪುಣಿಯಂಥ ನೆಲದ ಗುರುತುಗಳೂ ಸಾಕ್ಷಿ. ಸಮುದಾಯದ ಹಕ್ಕಿಗೆ ಮಸಣ, ಪವಿತ್ರ ಮರ, ಬನ, ಕೆರೆಗಳೂ ಸಾಕ್ಷಿ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರಾಯಿತು. 1974ರಲ್ಲಿ ಉತ್ತರ ಇಲ್ಲದೆ ನಿಂತವರಿಗೆ ಕೊನೆಗೂ ಉತ್ತರ ಕೊಡಬಹುದಾದ ಪ್ರಶ್ನೆ ಬಂತು.

ಈ ಕಾಯ್ದೆ ಹೇಳುವ ಗ್ರಾಮಸಭೆ ವರ್ಷಕ್ಕೆರಡು ಸಲ ಪಂಚಾಯತ್ ಸಭಾಭವನದಲ್ಲಿ ನಡೆಯುವ ಸಭೆಯೇ ಆಗಬೇಕೆಂದಿಲ್ಲ. ಕಾಡಿನೊಳಗಿನ ಒಂದು ವಾಸಸ್ಥಾನದ ವಯಸ್ಕರೆಲ್ಲ ಸೇರಿದರೂ ಅದು ಗ್ರಾಮಸಭೆ. ಪಂಚಾಯತಿನ ದೊಡ್ಡ ಸಭೆಯಲ್ಲಿ ರಸ್ತೆ, ಬೀದಿದೀಪದ ಚರ್ಚೆಯ ನಡುವೆ ಘಟ್ಟದ ಹತ್ತು ಮನೆಯವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅವರದ್ದೇ ಸಭೆಯಾದರೆ ಅರ್ಧದಷ್ಟು ಸದಸ್ಯರು ಇರಬೇಕು, ಇದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂಬ ನಿಯಮ ಪಾಲಿಸುವುದೂ ಸುಲಭ. ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ವಿಶೇಷ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಆದ್ದರಿಂದ ನಮ್ಮ ರಾಜ್ಯದ ಬುಡಕಟ್ಟು ಜನರ ಕೈಯಲ್ಲಿರುವ ಸ್ವಂತ ಆಡಳಿತದ ಗಟ್ಟಿ ಹಿಡಿ ಈ ಅರಣ್ಯ ಹಕ್ಕಿನ ಗ್ರಾಮಸಭೆಯೇ.

ಅದನ್ನು ಸರಿಯಾಗಿ ಬಳಸಿದವರಿದ್ದಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮನೆ, ಹೊಲದ ಹಕ್ಕಿಗೆ ನಿಲ್ಲದೆ ಇಡೀ ಕಾಡಿನ ಸಮುದಾಯ ಹಕ್ಕು ಕೇಳಿದರು. 2011ರ ಅಕ್ಟೋಬರಿನಲ್ಲಿ 25 ಪೋಡುಗಳಿಗೆ ಅದು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗೆ ಆದದ್ದು ದೇಶದಲ್ಲಿ ಅದೇ ಮೊದಲು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಗ್ರಾಮ 2009ರಲ್ಲೇ ಸಮುದಾಯ ಹಕ್ಕು ಪಡೆದು, ತನ್ನ ಬಿದಿರನ್ನು ತಾನೇ ಕಡಿದು ಮಾರುವ ಅಧಿಕಾರ ಗಳಿಸಿತು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಗ್ರಾಮಸಭೆಗಳನ್ನೇ ಕೇಳಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು; ಸಭೆ ಸೇರಿದ 12 ಹಳ್ಳಿಗಳೂ ಬೇಡವೆಂದವು.

ನಮ್ಮ ಕಡೆಗೂ ಇದರಲ್ಲಿ ಬಳಸಬಹುದಾದದ್ದು ಬಹಳ ಇದೆ. ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಬಿದಿರು, ಬೆತ್ತ, ಜೇನು ಸೇರಿವೆ. ಕುಡ್ಪು ಹೆಣೆಯುವ ಕೊರಗರು ಬಿದಿರು, ಬಳ್ಳಿಗಾಗಿ ಹೆದರುತ್ತಾ ಕಾಡಿಗೆ ಹೋಗಬೇಕಾಗಿಲ್ಲ, ಸಮುದಾಯ ಹಕ್ಕಾಗಿ ಕೇಳಬಹುದು. ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಇಡೀ ಆವಾಸದ ಹಕ್ಕನ್ನು ಕೇಳುವ ಅವಕಾಶವೂ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಅಂಗನವಾಡಿ, ರಸ್ತೆ, ವಿದ್ಯುತ್ ತಂತಿಯಂಥ ಸೌಕರ್ಯಕ್ಕೆ ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಕಾಲುಸಂಕ ಇಲ್ಲದೆ ಮಳೆಗಾಲದಲ್ಲಿ ಶಾಲೆ ಬಿಡುವ ಮಕ್ಕಳಿಗೆ ಈ ಒಂದು ಕಲಮು ಸಾಕು.

ತಿರಸ್ಕಾರವಾದ ಅರ್ಜಿಗಳ ಸಂಕಟವನ್ನೂ ಮರೆಯುವಂತಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಹೇಳಿ, ದೇಶವೆಲ್ಲ ಗಾಬರಿಯಾದ ಮೇಲೆ ಫೆಬ್ರವರಿ 28ರಂದು ಅದನ್ನು ತಡೆಹಿಡಿಯಿತು. ಹಿರಿಯರ ಹೇಳಿಕೆ ಬರೆದುಕೊಳ್ಳದೆ, ಸ್ಥಳಕ್ಕೆ ಹೋಗದೆ, ನಿರ್ಣಯಕ್ಕೆ ಕಾರಣ ನಮೂದಿಸದೆ ಕಳಿಸಿದ ಕಡತ ಮೇಲಿನ ಸಮಿತಿಯಲ್ಲಿ ನಿಲ್ಲುವುದಿಲ್ಲ. ಗ್ರಾಮಸಭೆಯ ಕೆಲಸ ಸಡಿಲವಾದರೆ ಅದರ ಪೆಟ್ಟು ಬೀಳುವುದು ಅರ್ಜಿದಾರನ ಮೇಲೆ.

ನಾವು ಮಾಡಬಹುದಾದದ್ದು

ಕರ್ನಾಟಕದ ‘ಭೂಮಿ’ ಯೋಜನೆ ನನ್ನ ವೃತ್ತಿಯವರಿಗೆ ಹೆಮ್ಮೆಯ ವಿಷಯ. 2000ದ ಸುಮಾರಿಗೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಕೆಲಸ ಅದು. ಆದರೆ ಕಂಪ್ಯೂಟರ್ ಹಳೆಯ ಪುಸ್ತಕದಲ್ಲಿದ್ದುದನ್ನು ಮಾತ್ರ ತೋರಿಸುತ್ತದೆ. ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಪರದೆಯಲ್ಲೂ ಹೆಸರಿಲ್ಲ. ಮೊದಲು ಶ್ಯಾನುಭೋಗರ ಬಳಿ ‘ನನ್ನ ಹೆಸರು ಯಾಕಿಲ್ಲ’ ಎಂದು ಕೇಳಬಹುದಿತ್ತು. ಪರದೆಯನ್ನು ಹಾಗೆ ಕೇಳಲು ಬರುವುದಿಲ್ಲ. ಹೆಸರು ಸೇರಿಸುವ ಕೆಲಸ ಮನುಷ್ಯರೇ ಮಾಡಬೇಕು, ಅದಕ್ಕೆ ನಿರ್ಣಯ ಬೇಕು, ನಿರ್ಣಯಕ್ಕೆ ಸಭೆ ಬೇಕು.

ಹಳೆಯ ಕಾಗದ ಹುಡುಕುವುದು ನಮ್ಮಲ್ಲಿ ಇನ್ನೂ ಕಷ್ಟ. ಮೂಡುಬಿದಿರೆ ಭಾಗ ಹಿಂದೆ ಕಾರ್ಕಳ ತಾಲೂಕಿನಲ್ಲಿತ್ತು. 1997ರಲ್ಲಿ ಉಡುಪಿ ಜಿಲ್ಲೆ ಆದಾಗ ಮಂಗಳೂರು ತಾಲೂಕಿಗೆ ಬಂತು, ಈಗ ಮೂಡುಬಿದಿರೆಯೇ ತಾಲೂಕು. ಒಂದೇ ಜಾಗದ ಕಾಗದಕ್ಕೆ ಮೂರು ಕಚೇರಿಯ ಮೆಟ್ಟಿಲು ಹತ್ತಬೇಕಾಗಬಹುದು. ಬಸ್ಸಿನ ಖರ್ಚಿಗೆ ಒಂದು ದಿನದ ಕೂಲಿ ಬಿಡಬೇಕಾದವರು ಎಷ್ಟು ಸಲ ಹೋಗಿಯಾರು?

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ, ಕಂದಾಯ ಇಲಾಖೆಯಲ್ಲಿ ದುಡಿದವರಿದ್ದಾರೆ, ಪಂಚಾಯತ್ ಸದಸ್ಯರಾದವರಿದ್ದಾರೆ, ನನ್ನಂತೆ ನಕ್ಷೆ, ಲೆಕ್ಕ ಬಲ್ಲವರಿದ್ದಾರೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ರಂಗಮಂದಿರ ಕಟ್ಟುವುದು ಒಳ್ಳೆಯದೇ. ಅದರ ಜೊತೆಗೆ ಮೂರು ಕೆಲಸ ಮಾಡಬಹುದು. ಮೊದಲನೆಯದು, ನಮ್ಮ ಗ್ರಾಮಗಳ ಡಿಸಿ ಮನ್ನಾ ಜಾಗಗಳ ಸರ್ವೆ ನಂಬ್ರ, ವಿಸ್ತೀರ್ಣ, ಈಗಿನ ಸ್ಥಿತಿಯ ಪಟ್ಟಿಯನ್ನು ಮಾಹಿತಿ ಹಕ್ಕಿನ ಮೂಲಕ ಪಡೆದು ಪಂಚಾಯತಿನ ಫಲಕದಲ್ಲಿ ಹಾಕುವುದು. ಎರಡನೆಯದು, ಎಂಬತ್ತು ದಾಟಿದ ಹಿರಿಯರ ಬಳಿ ಕುಳಿತು, ಯಾವ ಕೊಪ್ಪ ಎಲ್ಲಿತ್ತು, ಯಾರು ಎಲ್ಲಿ ಬೇಸಾಯ ಮಾಡುತ್ತಿದ್ದರು ಎಂಬುದನ್ನು ಬರೆದು ಸಹಿ ಪಡೆಯುವುದು. ಆ ಹಿರಿಯರು ಹೋದರೆ ಕಾನೂನು ಒಪ್ಪುವ ಒಂದು ಸಾಕ್ಷಿಯೇ ಹೋದಂತೆ. ಶಾಲೆಯ ಮಕ್ಕಳೂ ಇದನ್ನು ಸಮಾಜ ವಿಜ್ಞಾನದ ಪಾಠವಾಗಿ ಮಾಡಬಹುದು. ಮೂರನೆಯದು, ಗ್ರಾಮಸಭೆಗೆ ನಾವು ಹೋಗುವುದು, ಕೊರಗರು, ಮಲೆಕುಡಿಯರು ಮಾತಾಡುವಾಗ ಎದ್ದು ಹೋಗದಿರುವುದು, ನಿರ್ಣಯ ಪುಸ್ತಕದಲ್ಲಿ ಅವರ ಮಾತು ದಾಖಲಾಯಿತೇ ಎಂದು ನೋಡಿ ಸಹಿ ಹಾಕುವುದು. ಅವರ ಪರವಾಗಿ ನಾವೇ ಮಾತಾಡುವ ಅಗತ್ಯವಿಲ್ಲ. ಅವರಲ್ಲಿ ಈಗ ಪದವಿ ಪಡೆದವರು, ಸಂಘಟನೆ ಕಟ್ಟಿದವರು, ಪಂಚಾಯತಿಗೆ ಆರಿಸಿಬಂದವರು ಇದ್ದಾರೆ.

1974ರಲ್ಲಿ ಡಿಕ್ಲರೇಷನ್ ಬರೆಯಲು ಬಾರದ ಒಕ್ಕಲುಗಳಿಗೆ ಊರಿನ ಓದಿದವರು ಅರ್ಜಿ ತುಂಬಿಸಿಕೊಟ್ಟದ್ದನ್ನು, ನೆರೆಯವರು ಮಂಡಳಿಯ ಮುಂದೆ ಬಂದು ‘ಹೌದು, ಇವರೇ ಸಾಗುವಳಿ ಮಾಡುತ್ತಿದ್ದದ್ದು’ ಎಂದು ಸಾಕ್ಷಿ ಹೇಳಿದ್ದನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆ ಸಾಕ್ಷಿಯಿಂದ ಭೂಮಿ ಪಡೆದ ಮನೆಗಳ ಮಕ್ಕಳು ನಾವು. ಈಗ ಸಾಕ್ಷಿ ಹೇಳುವ ಸರದಿ ನಮ್ಮದು.